ತಪ್ಪಿಲ್ಲದವನ ಚಪಾನು

ಡಿಕ್ಕಿಯ ಮುಚ್ಚಳದ ಮೇಲಿದ್ದ ನೆಗ್ಗು ಎಡಗಡೆ ತೆಳುವಾಗಿ ಶುರುವಾಗಿ ಬಲಕ್ಕೆ ಹೋಗುತ್ತ ಆಳವಾಗುತ್ತಿತ್ತು. ಹತ್ತು ದಿನಗಳಿಂದ ಬೆಳಿಗ್ಗೆ ಎದ್ದು ಅಂಗಳಕ್ಕೆ ಬಂದವನೇ ಒಮಿರ್ಜಾಕ್ ಅದರೊಳಗೆ ಹೆಬ್ಬೆರಳಿಟ್ಟು ಈ ತುದಿಯಿಂದ ಆ ತುದಿಗೆ ಸವರಿ ನೋಡುತ್ತಿದ್ದ. ತರಾಜ್ ಊರಿನ ದೊಡ್ಡ ದವಾಖಾನೆಯ ಹಿಂದಿನ ಕೋಣೆಯಲ್ಲಿ ಮೂವತ್ತೈದು ವರ್ಷ ಕೂತು ಕಟ್ಟುಹಲ್ಲು ಮಾಡಿದ ಬೆರಳು ಅದು. ಮೇಣದಲ್ಲಿ ಕೂದಲೆಳೆಯಷ್ಟು ತಗ್ಗಿದ್ದರೂ ಅದಕ್ಕೆ ಗೊತ್ತಾಗುತ್ತಿತ್ತು. ಆ ಬೆರಳು ಈಗ ಬೇರೆ ಕೆಲಸವಿಲ್ಲದೆ ಇದನ್ನೇ ಹಿಡಿದುಕೊಂಡಿತ್ತು. ಕಿಟಕಿಯಿಂದ ಹೆಂಡತಿ ಉಲ್ಮೆಕೆನ್, ಸವರುತ್ತಾ ಇದ್ದರೆ ಅದು ತಾನಾಗಿಯೇ ಎದ್ದು ಬರುತ್ತದೆಯೇ ಎಂದು ದಿನಾ ಕೇಳುವುದನ್ನೇ ಕೇಳಿದಳು. ಎದುರುಮನೆಯವನು ಹಲ್ಲುಜ್ಜುತ್ತ ನಿಂತವನು ಬಾಯಲ್ಲಿನ ನೊರೆ ಉಗುಳಿ, ನಿಮ್ಮದೇನೂ ತಪ್ಪಿಲ್ಲವಲ್ಲ, ವಿಮೆಯವರು ಹೊಸ ಮುಚ್ಚಳವನ್ನೇ ಹಾಕಿಕೊಡುತ್ತಾರೆ ಬಿಡಿ ಎಂದ. ಹತ್ತು ದಿನಗಳಿಂದ ಈ ಊರಿನಲ್ಲಿ ಕಂಡವರೆಲ್ಲ ಅದನ್ನೇ ಹೇಳಿದ್ದರು, ಮಗ ಪರೀಕ್ಷೆಯಲ್ಲಿ ಪಾಸಾದಾಗ ಹೇಳುವ ಹಾಗೆ, ಮುಖ ಅರಳಿಸಿಕೊಂಡು. ನಿಮ್ಮದೇನೂ ತಪ್ಪಿಲ್ಲ. ಒಮಿರ್ಜಾಕ್ ಪ್ರತಿಸಲವೂ ತಲೆಯಾಡಿಸಿದ್ದ. ಈಗಲೂ ಆಡಿಸಿದ.

ವಿಮಾ ಕಚೇರಿಯಿಂದ ಫೋನು ಬಂದಿತ್ತು, ನಿಮ್ಮ ಕಾಗದದಲ್ಲಿ ಒಂದು ತೊಡಕಿದೆ, ಬಂದು ಹೋಗಿ ಎಂದು. ತಾನೂ ಬರುತ್ತೇನೆಂದು ಉಲ್ಮೆಕೆನ್ ಹೊರಟಳು. ಕೈಯಲ್ಲೊಂದು ದೊಡ್ಡ ಚೀಲ. ಅದರಲ್ಲಿ ಕಳೆದ ವಾರ ಮನೆಗೆ ಬಂದಿದ್ದ ಚಪಾನು, ಕಡುನೀಲಿ ಮಖಮಲ್ಲಿನ ಉದ್ದನೆಯ ನಿಲುವಂಗಿ, ಅಂಚಿಗೆಲ್ಲ ಹೊನ್ನಿನ ಬಣ್ಣದ ಕಸೂತಿ. ಶನಿವಾರ ಅವಳ ಅಕ್ಕನ ಬೀಗರ ಔತಣವಿತ್ತು. ಬೀಗರ ಹೆಗಲಿಗೆ ಹಾಕಲು ಒಂದು ಚಪಾನು ಬೇಕೇ ಬೇಕು, ಮನೆಯಲ್ಲಿ ಬಂದದ್ದು ಇರುವಾಗ ಹೊಸದು ಯಾಕೆ ಎಂಬುದು ಅವಳ ಲೆಕ್ಕ. ಈ ಊರಿನ ಚಪಾನುಗಳೆಲ್ಲ ಹಾಗೆಯೇ, ಒಂದು ಹೆಗಲಿನಿಂದ ಇನ್ನೊಂದಕ್ಕೆ ಹೋಗುತ್ತಲೇ ಇರುತ್ತವೆ, ಹಾಕಿಕೊಂಡು ಸವೆಸಿದವರನ್ನು ಯಾರೂ ಕಂಡಿಲ್ಲ. ಅಕ್ಕನ ಮನೆಗೆ ಕೊಟ್ಟು ಬರೋಣ ಎಂದಳು. ಡಿಕ್ಕಿ ತೆರೆಯುವಂತಿರಲಿಲ್ಲ, ಚೀಲವನ್ನು ಹಿಂದಿನ ಸೀಟಿನಲ್ಲಿ ಕೂರಿಸಿದರು. ಕನ್ನಡಿಯಲ್ಲಿ ಅದು ಮೂರನೆಯವರೊಬ್ಬರು ಕೂತ ಹಾಗೆ ಕಾಣುತ್ತಿತ್ತು.

ಸಂತೆಬೀದಿಯ ಚೌಕ ಬಂತು. ಬೇರೆ ದಾರಿಯಿತ್ತು, ಆದರೂ ಅವನು ಈ ದಾರಿಯಲ್ಲೇ ಬಂದಿದ್ದ. ಕೆಂಪು ದೀಪ. ಅವತ್ತೂ ಉಲ್ಮೆಕೆನ್ ಪಕ್ಕದಲ್ಲೇ ಕೂತಿದ್ದಳು, ಅವತ್ತೂ ಕೆಂಪಿತ್ತು, ಆಮೇಲೆ ಹಸಿರಾಯಿತು, ಅವನು ಕಾರನ್ನು ಮುಂದೆ ಬಿಟ್ಟ, ಹಿಂದಿನ ಕಾರಿನವಳೂ ಬಿಟ್ಟಳು. ಆಗ ಕಾಲುದಾರಿಯ ಅಂಚಿನಲ್ಲಿ ಬಿಳಿ ತಲೆವಸ್ತ್ರದ ಮುದುಕಿಯೊಬ್ಬಳು ಊರುಗೋಲನ್ನು ಮುಂದೆ ಚಾಚಿ ನಿಂತಿದ್ದಳು. ಭಾರವನ್ನೆಲ್ಲ ಎಡಗಾಲಿನ ಮೇಲೆ ಬಿಟ್ಟು, ಬಲಗಾಲನ್ನು ನೆಲಕ್ಕೆ ಸುಮ್ಮನೆ ತಾಗಿಸಿ. ಹಾಗೆ ನಿಲ್ಲುತ್ತಿದ್ದದ್ದು ಜಗತ್ತಿನಲ್ಲಿ ಅವನ ಅಮ್ಮ ಒಬ್ಬಳೇ, ಅವಳು ಮಣ್ಣಾಗಿ ಒಂಬತ್ತು ವರ್ಷ. ಅವನ ಕಾಲು ಬ್ರೇಕಿನ ಮೇಲೆ ಹೋಯಿತು. ಮುದುಕಿ ರಸ್ತೆಗೆ ಇಳಿಯಲೇ ಇಲ್ಲ, ಇಳಿಯುವವಳೂ ಅಲ್ಲ, ಯಾರಿಗೋ ಕಾಯುತ್ತಿದ್ದಳು ಅಷ್ಟೆ. ಹಿಂದಿನಿಂದ ದಡ್ ಎಂದಿತು. ಹಿಂದಿನ ಕಾರಿನಿಂದ ಇಳಿದು ಬಂದ ಹೆಂಗಸಿಗೆ ಮೂವತ್ತೂ ಆಗಿರಲಿಲ್ಲ. ಮಕ್ಕಳ ಆಸ್ಪತ್ರೆಯ ನರ್ಸಂತೆ, ಹೆಸರು ಶಿನಾರ್. ನನ್ನದೇ ತಪ್ಪು, ನನ್ನದೇ ತಪ್ಪು ಎಂದು ಅವಳು ಹೇಳುತ್ತಿದ್ದಳು, ಅವನು ಅಲ್ಲ ಎನ್ನಲಿಲ್ಲ. ಪೊಲೀಸಿನವನು ಬಂದು ಅಳತೆ ಹಿಡಿದು, ಹಿಂದಿನಿಂದ ಗುದ್ದಿದವರದ್ದೇ ತಪ್ಪು ಎಂದು ಬರೆದುಕೊಂಡ. ಹಠಾತ್ತನೆ ನಿಂತಿರಾ ಎಂದು ಅವನು ಕೇಳಲೂ ಇಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಎಂದು ಒಮಿರ್ಜಾಕ್ ಆಮೇಲೆ ತನಗೆ ತಾನೇ ಹೇಳಿಕೊಂಡಿದ್ದ. ಹೇಳುತ್ತಿದ್ದೆನೇ? ಇಂಥ ಪ್ರಶ್ನೆಗೆ ಉತ್ತರ ಕೊಡಬೇಕಾದವನೂ ತಾನೇ ಆದರೆ ಬಹಳ ಸುಲಭ. ಈಗ ಹಿಂದಿನ ಕಾರಿನವನು ಹಾರ್ನು ಹೊಡೆದ. ದೀಪ ಹಸಿರಾಗಿ ಎಷ್ಟು ಹೊತ್ತಾಗಿತ್ತೋ.

ಅಪಘಾತವಾದ ಮೂರನೆಯ ದಿನ ಅವರು ಮನೆಗೆ ಬಂದಿದ್ದರು. ಶಿನಾರ್, ಅವಳ ಮಾವ, ಮಾವನ ತಮ್ಮ. ಒಂದು ದೊಡ್ಡ ರೊಟ್ಟಿ, ಮಿಠಾಯಿ, ಬಟ್ಟೆಯಲ್ಲಿ ಸುತ್ತಿದ ಚಪಾನು. ತಪ್ಪು ಮಾಡಿದವರು ಹಿರಿಯರನ್ನು ಮುಂದಿಟ್ಟುಕೊಂಡು ಹೀಗೆ ಬರುವುದು, ಮನೆಯವರು ಬಾಗಿಲು ತೆರೆಯುವುದು, ಹೆಗಲಿಗೆ ಚಪಾನು ಬಿದ್ದ ಮೇಲೆ ಆ ಮಾತನ್ನು ಮತ್ತೆ ಎತ್ತದಿರುವುದು, ಇಷ್ಟನ್ನು ಈ ಊರಿನಲ್ಲಿ ಯಾರಿಗೂ ಕಲಿಸಬೇಕಾಗಿಲ್ಲ. ಸೊಸೆಯ ಕೈ ತಪ್ಪಿತು, ನಾವು ತಲೆ ತಗ್ಗಿಸಿಕೊಂಡು ಬಂದಿದ್ದೇವೆ ಎಂದು ಮುದುಕ ಎರಡೇ ಮಾತು ಆಡಿ ಎದ್ದು ನಿಂತು ಚಪಾನನ್ನು ಒಮಿರ್ಜಾಕನ ಹೆಗಲಿಗೆ ಹೊದಿಸಿದ. ಅದು ಅವನಿಗೆ ಬಹಳ ದೊಡ್ಡದು. ತೋಳು ಬೆರಳ ತುದಿಯನ್ನೂ ದಾಟಿ ಜೋತುಬಿತ್ತು. ತನ್ನದಲ್ಲದ್ದನ್ನು ಹಾಕಿಕೊಂಡವನ ಹಾಗೆ ಅವನು ಆ ತೋಳಿನೊಳಗೆ ಮುಷ್ಟಿ ಬಿಗಿದು ಕೂತ. ಎದುರಿಗೆ ಶಿನಾರ್ ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಆ ಬಟ್ಟಲು ಸಣ್ಣಗೆ ಅಲುಗುತ್ತಿತ್ತು. ಬ್ರೇಕು ಹಾಕಿದ್ದು ನಾನು ಎಂಬ ಮಾತು ಗಂಟಲವರೆಗೆ ಬಂದು, ಮುದುಕನ ಸಮಾಧಾನದ ಮುಖ ನೋಡಿ ಹಿಂದಕ್ಕೆ ಹೋಯಿತು. ಅದರ ಬದಲಿಗೆ ಅವನು ಕಾಗದ ಪೆನ್ನು ತರಿಸಿ, ಯಾರೂ ಕೇಳದಿದ್ದರೂ, ಹಲ್ಲಿನ ಅಚ್ಚಿನ ಮೇಲೆ ರೋಗಿಯ ಹೆಸರು ಬರೆಯುವ ತನ್ನ ದುಂಡನೆಯ ಅಕ್ಷರದಲ್ಲಿ ಬರೆದುಕೊಟ್ಟ: ಈ ಅಪಘಾತದ ಬಗ್ಗೆ ಶಿನಾರ್ ಮೇಲೆ ನನ್ನದು ಯಾವ ತಕರಾರೂ ಇಲ್ಲ. ಕೆಳಗೆ ಸಹಿ, ತಾರೀಖು. ಇದನ್ನಿಟ್ಟುಕೊಂಡು ನಿಶ್ಚಿಂತೆಯಾಗಿರಮ್ಮ ಎಂದ. ಅವಳು ಅತ್ತುಬಿಟ್ಟಳು. ಅವರು ಹೋದ ಮೇಲೆ ಉಲ್ಮೆಕೆನ್ ಬಟ್ಟಲುಗಳನ್ನು ತೊಳೆಯುತ್ತ ಇತ್ತ ತಿರುಗದೆಯೇ ಹೇಳಿದಳು:

"ಹೊರಗಿನವರಿಗಾದ್ರೆ ನಿಮಗೆ ಒಂದು ನಿಮಿಷ ಸಾಕಾಯ್ತು."

ಅವಳು ಹೇಳಿದ್ದು ಅಷ್ಟೇ. ಅಷ್ಟಕ್ಕೇ ಅವನಿಗೆ ಅವತ್ತು ಊಟ ಸೇರಲಿಲ್ಲ. ಅವಳು ಹೇಳಿದ್ದು ತೊರೆಖಾನನ ವಿಷಯ. ತೊರೆಖಾನ್ ಅವನ ಒಬ್ಬನೇ ತಮ್ಮ, ಊರಿನ ಆಚೆ ತುದಿಯಲ್ಲಿ, ಸಕ್ಕರೆ ಕಾರ್ಖಾನೆಯ ಹಿಂದೆ, ಕಾರುಗಳ ಟಿಂಕರಿಂಗ್ ಮಾಡುವವನು. ಹನ್ನೊಂದು ವರ್ಷದ ಹಿಂದೆ ಅವನು ಅಮ್ಮನನ್ನು ಕೂರಿಸಿಕೊಂಡು ನೆಂಟರ ಮನೆಗೆ ಹೊರಟಿದ್ದಾಗ ಅಡ್ಡರಸ್ತೆಯಿಂದ ಬಂದ ಲಾರಿ ಗುದ್ದಿತ್ತು. ಅಮ್ಮನ ಸೊಂಟದ ಮೂಳೆ ಮುರಿಯಿತು. ಎರಡು ಚಳಿಗಾಲ ಊರುಗೋಲಿನ ಮೇಲೆ ಬದುಕಿ ಹೋದಳು. ಪೊಲೀಸಿನ ಕಾಗದದಲ್ಲಿ ತಪ್ಪು ಲಾರಿಯವನದ್ದು, ತೊರೆಖಾನನದ್ದು ಏನೂ ಇಲ್ಲ ಎಂದು ಮೊಹರು ಹಾಕಿ ಬರೆದಿತ್ತು. ಒಮಿರ್ಜಾಕ್ ಮಾತ್ರ, ಚಹಾ ಕುಡಿದು ಹೋಗು ಅಂದಿದ್ದೆ, ಕುಡಿದು ಹೊರಟಿದ್ದರೆ ಆ ಲಾರಿ ಅಷ್ಟು ಹೊತ್ತಿಗೆ ದಾಟಿ ಹೋಗಿರುತ್ತಿತ್ತು ಎಂದು ಎರಡು ವರ್ಷ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಅಮ್ಮ ಸತ್ತ ನಲವತ್ತನೆಯ ದಿನ ಕಳೆದ ಮೇಲೆ ತೊರೆಖಾನ್ ಸೋದರಮಾವನನ್ನು ಕರೆದುಕೊಂಡು, ಕಂಕುಳಲ್ಲಿ ಚಪಾನು ಇಟ್ಟುಕೊಂಡು ಗೇಟಿನ ಹತ್ತಿರ ಬಂದು ನಿಂತ. ಅಷ್ಟೆತ್ತರದ ಆಳು ಕುತ್ತಿಗೆ ಬಗ್ಗಿಸಿಕೊಂಡು ನಿಂತಿದ್ದ. ಒಮಿರ್ಜಾಕ್ ಗೇಟು ತೆರೆಯಲಿಲ್ಲ. ಸರಳುಗಳ ಈಚೆಯಿಂದಲೇ ಒಂದು ಮಾತು ಹೇಳಿದ. ಅದು ಎಷ್ಟು ನಾಜೂಕಾದ ಮಾತೆಂದರೆ ಹೇಳುವಾಗ ಅವನಿಗೆ ಒಳಗೊಳಗೇ ಹೆಮ್ಮೆಯೂ ಆಗಿತ್ತು. "ಕಾಗದದಲ್ಲಿ ನಿಂದೇನೂ ತಪ್ಪಿಲ್ಲ ಅಂತ ಇದೆಯಲ್ಲಪ್ಪ. ತಪ್ಪೇ ಮಾಡದವನನ್ನ ನಾನು ಏನಂತ ಕ್ಷಮಿಸಲಿ?" ಸೋದರಮಾವ ನಾಚಿಕೆಯಿಂದ ಬೇರೆ ಕಡೆ ನೋಡಿದ. ಕ್ಷಮೆ ಕೇಳಿ ಬಾಗಿಲಿಗೆ ಬಂದವನನ್ನು ಹಾಗೆಯೇ ತಿರುಗಿಸಿ ಕಳಿಸಿದ ಮನೆ ಆ ಬೀದಿಯಲ್ಲಿ ಅದಕ್ಕೆ ಮುಂಚೆ ಇರಲಿಲ್ಲ, ಆಮೇಲೂ ಆಗಲಿಲ್ಲ. ಮದುವೆ ಮುಂಜಿಗಳಲ್ಲಿ ಇಬ್ಬರೂ ದೂರ ದೂರದ ಮೇಜಿಗೆ ಕೂರುತ್ತ ಬಂದರು. ಜನ ಕೇಳಿದರೆ ಒಮಿರ್ಜಾಕ್ ಹೇಳುತ್ತಿದ್ದ, ನನ್ನದೇನೂ ತಪ್ಪಿಲ್ಲ ಎಂದು.

ವಿಮಾ ಕಚೇರಿ ಎರಡನೆಯ ಮಹಡಿಯಲ್ಲಿತ್ತು. ಉಲ್ಮೆಕೆನ್ ಮೆಟ್ಟಿಲು ಹತ್ತಲಾರೆ ಎಂದು ಕಾರಿನಲ್ಲೇ ಉಳಿದಳು. ಒಳಗೆ ಗಾಜಿನ ಆಚೆ ಗೌಹರ್ ಎಂಬ ಐವತ್ತರ ಹೆಂಗಸು, ಮೂಗಿನ ತುದಿಗೆ ಕನ್ನಡಕ, ಮೇಜಿನ ಮೇಲೆ ಅರ್ಧ ಕುಡಿದ ಹಾಲು ಚಹಾ. ಹೆಸರು ಓದಿದವಳೇ ತಲೆಯೆತ್ತಿ, ನಮ್ಮಮ್ಮನಿಗೆ ಹಲ್ಲು ಕಟ್ಟಿದವರು ನೀವೇ ಅಲ್ಲವೇ, ಇವತ್ತಿಗೂ ಅದರಲ್ಲೇ ಬೀಜ ಕಡಿಯುತ್ತಾಳೆ ಎಂದು ಕುರ್ಚಿ ತೋರಿಸಿದಳು. ಫೋಟೋಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟಳು: ಬಂಪರು, ಮುಚ್ಚಳ, ಒಡೆದ ದೀಪ. ಕಾರಿನ ಹಿಂಭಾಗವನ್ನು ಹೀಗೆ ಅಪರಿಚಿತರ ಮುಂದೆ ಹರಡಿದ್ದು ನೋಡಿ ಅವನಿಗೆ ಮುಜುಗರವಾಯಿತು, ಡಾಕ್ಟರ ಮುಂದೆ ಅಂಗಿ ಬಿಚ್ಚಿದ ಹಾಗೆ. ಎಲ್ಲ ಸರಿಯಾಗಿದೆ, ಎಲ್ಲವೂ ನಿಮ್ಮ ಕಡೆಗೇ ಇದೆ ಎಂದಳು ಗೌಹರ್. ಬಂಪರು ಹೊಸದು, ಮುಚ್ಚಳ ಹೊಸದು, ಬಣ್ಣವೂ ನಮ್ಮದೇ. ಆಮೇಲೆ ಕಡತದ ಕೊನೆಯಿಂದ ಒಂದು ಹಾಳೆ ತೆಗೆದು ಅವನ ಕಡೆ ತಿರುಗಿಸಿದಳು. ಅವನದೇ ದುಂಡನೆಯ ಅಕ್ಷರ. ನನ್ನದು ಯಾವ ತಕರಾರೂ ಇಲ್ಲ.

ಪಾಪ, ಶಿನಾರ್ ಅದನ್ನು ತಾನೇ ತಂದು ಕೊಟ್ಟಿದ್ದಳು. ಹಿರಿಯರು ಎಷ್ಟು ದೊಡ್ಡ ಮನಸ್ಸಿನವರು ನೋಡಿ, ಇದನ್ನೂ ಸೇರಿಸಿಕೊಳ್ಳಿ, ಅವರ ಕೆಲಸ ಬೇಗ ಆಗಲಿ ಎಂದಿದ್ದಳಂತೆ. ಒಳ್ಳೆಯದಾಗಲಿ ಎಂದು ಇಬ್ಬರೂ ಮಾಡಿದ ಕೆಲಸ ಹೀಗಾಗಿತ್ತು. ತಕರಾರೇ ಇಲ್ಲ ಎಂದು ಸಹಿ ಮಾಡಿದವರಿಗೆ ನಾವು ಯಾವುದಕ್ಕೆ ಅಂತ ಕೊಡುವುದು, ಮೇಲಿನವರು ಒಪ್ಪುವುದಿಲ್ಲ ಎಂದಳು ಗೌಹರ್. ಚಪಾನು ತೊಡಿಸಿಕೊಂಡು ಇಂಥ ಪತ್ರ ಬರೆದುಕೊಟ್ಟವರು ಈ ವರ್ಷ ನೀವು ನಾಲ್ಕನೆಯವರು, ನಮ್ಮ ಜನಕ್ಕೆ ಬುದ್ಧಿ ಬರುವುದು ಯಾವಾಗಲೋ ಎಂದು ಬೈದಳು, ಆ ಬೈಗುಳದಲ್ಲಿ ಅಕ್ಕರೆ ಇತ್ತು. ಆಮೇಲೆ ಅತ್ತಿತ್ತ ನೋಡಿ, ದನಿ ತಗ್ಗಿಸಿ, ಒಂದು ಖಾಲಿ ಹಾಳೆಯನ್ನು ಅವನ ಮುಂದೆ ಸರಿಸಿದಳು.

"ಎರಡು ಸಾಲು ಬರೀರಿ ಯಜಮಾನ್ರೇ. ಮನೆಗೆ ಮೂರು ಜನ ಬಂದ್ರು, ಬಲವಂತ ಮಾಡಿ ಬರೆಸ್ಕೊಂಡ್ರು, ಆ ಪತ್ರ ವಾಪಸ್ ತಗೋತಿದೀನಿ ಅಂತ. ಮಿಕ್ಕಿದ್ದು ನಂಗೆ ಬಿಡಿ. ಯಾರೂ ಅವರನ್ನ ಹಿಡ್ಕೊಂಡು ಹೋಗಲ್ಲ, ಬರೀ ಕಾಗದ."

ಬರೀ ಕಾಗದ. ಅವನು ಪೆನ್ನು ತೆಗೆದುಕೊಂಡ. ನಾನು, ಎಂದು ಬರೆದು ತನ್ನ ಹೆಸರು ಬರೆದ, ಮನೆಯ ವಿಳಾಸ ಬರೆದ. ಇಷ್ಟರವರೆಗೆ ಎಲ್ಲ ನಿಜವೇ. ಮುಂದೆ ಮುದುಕನ ಕೈ ನೆನಪಿಗೆ ಬಂತು, ಚಪಾನನ್ನು ಹೊದಿಸುವಾಗ ಹೆಗಲಿನ ಮೇಲೆ ಒಂದು ಕ್ಷಣ ಹೆಚ್ಚಿಗೆ ನಿಂತ ಕೈ. ಅಲುಗುವ ಬಟ್ಟಲು ಬಂತು. ಅವರು ಬಲವಂತ ಮಾಡಿದರು ಎಂದು ಬರೆಯಬೇಕು. ಬರೆದರೆ ನಾಳೆ ಯಾರೋ ಶಿನಾರ್‌ಗೆ ಫೋನು ಮಾಡಿ ಓದಿ ಹೇಳುತ್ತಾರೆ, ಅವಳು ಮಕ್ಕಳ ವಾರ್ಡಿನಲ್ಲಿ ನಿಂತು ಕೇಳಿಸಿಕೊಳ್ಳುತ್ತಾಳೆ. ಅವನು ಪೆನ್ನು ನಿಲ್ಲಿಸಿ, ತಾನೇ ನಿರೀಕ್ಷಿಸದ ಒಂದು ಪ್ರಶ್ನೆ ಕೇಳಿದ. ದೀಪ ಹಸಿರಾದ ಮೇಲೆ ನಾನು ಹೊರಟು ಬ್ರೇಕು ಹಾಕಿದೆ, ಕಾರಣವಿಲ್ಲದೆ ಹಾಕಿದೆ, ಅದನ್ನು ಬರೆಯುವುದಕ್ಕೆ ಇದರಲ್ಲಿ ಎಲ್ಲಾದರೂ ಜಾಗವಿದೆಯೇ ಎಂದು. ಗೌಹರ್ ಕನ್ನಡಕ ತೆಗೆದಳು. ಬರೆದರೂ ಏನೂ ಆಗುವುದಿಲ್ಲ, ದೂರ ಇಟ್ಟುಕೊಂಡು ಓಡಿಸಬೇಕಾದದ್ದು ಹಿಂದಿನವಳು, ಕಾನೂನಿನ ಪ್ರಕಾರ ನೀವು ತಪ್ಪಿಲ್ಲದವರೇ ಎಂದು ವರದಿಯ ಒಂದು ಚೌಕದಲ್ಲಿದ್ದ ಗುರುತನ್ನು ತೋರಿಸಿದಳು. ನೀಲಿ ಶಾಯಿಯ ಪುಟ್ಟ ಗುರುತು. ಅವನಿಗೆ ನಗು ಬಂತು, ಅಳುವೂ ಹತ್ತಿರದಲ್ಲೇ ಇತ್ತು. ಅರವತ್ತೊಂದು ವರ್ಷಕ್ಕೆ ಮೊದಲ ಸಲ ತನ್ನದೊಂದು ತಪ್ಪನ್ನು ತಾನಾಗಿಯೇ ಹೊತ್ತುಕೊಂಡು ಬಂದರೆ ಇಳಿಸಿಕೊಳ್ಳುವವರೇ ಇಲ್ಲ. ತೊರೆಖಾನನೂ ಹೀಗೆಯೇ ಅಲೆದಿರಬೇಕು. ಕಾಗದದವರು ಬೇಡವೆಂದದ್ದನ್ನು ಅವನು ಹೊತ್ತುಕೊಂಡು ಅಣ್ಣನ ಗೇಟಿಗೆ ಬಂದಿದ್ದ. ಅದನ್ನು ಇಳಿಸಿಕೊಳ್ಳಬಹುದಾಗಿದ್ದ ಒಬ್ಬನೇ ಒಬ್ಬ ಮನುಷ್ಯ ಕಾಗದವನ್ನೇ ಓದಿ ಹೇಳಿದ.

ಅವನು ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡ. ಮೊದಲು ಬರೆದದ್ದು ಸರಿಯಾಗಿಯೇ ಇದೆಯಮ್ಮ, ಅದೇ ಇರಲಿ ಎಂದ. ಗೌಹರ್ ಕಡತವನ್ನು ಮುಚ್ಚಿ, ಪೊಲೀಸಿನ ವರದಿಯ ನಕಲನ್ನು ಅವನ ಕೈಗೆ ಕೊಟ್ಟಳು. ಇದನ್ನಾದರೂ ಇಟ್ಟುಕೊಳ್ಳಿ, ಟಿಂಕರಿಂಗ್‌ನವರು ಕೇಳುತ್ತಾರೆ ಎಂದಳು.

ಕಾರಿನಲ್ಲಿ ಉಲ್ಮೆಕೆನ್ ಸೂರ್ಯಕಾಂತಿ ಬೀಜ ಬಿಡಿಸುತ್ತ ಕೂತಿದ್ದಳು. ಅವನು ಬಂದದ್ದು ನೋಡಿ ಸಿಪ್ಪೆಯನ್ನು ಕರವಸ್ತ್ರದಲ್ಲಿ ಸುತ್ತಿದಳು. ಅವನು ಬೀಗದಕೈ ತಿರುಗಿಸದೆ ಕೂತ. ಎದುರಿನ ಗೋಡೆಯ ಮೇಲಿನಿಂದ ಯಾರ ಮನೆಯದೋ ಜರ್ದಾಳು ಮರ ಬೀದಿಗೆ ಬಾಗಿ ಹೂ ಉದುರಿಸುತ್ತಿತ್ತು. ಅಮ್ಮ ಈ ಕಾಲದಲ್ಲಿ ಚಹಾದ ಬಟ್ಟಲಿಗೆ ಬಿದ್ದ ಎಸಳನ್ನು ತೆಗೆಯದೆ ಹಾಗೆಯೇ ಕುಡಿಯುತ್ತಿದ್ದಳು. ಲಾರಿ ಗುದ್ದಿದ ದಿನ ಬೆಳಿಗ್ಗೆ ಚಹಾ ಬೇಡ ಎಂದದ್ದು ಅವಳೇ. ಬೇಗ ಹೊರಡೋ, ಬಿಸಿಲೇರುತ್ತೆ ಎಂದು ತೊರೆಖಾನನನ್ನು ಎಬ್ಬಿಸಿದ್ದೂ ಅವಳೇ. ಒಮಿರ್ಜಾಕ್‌ಗೆ ಅದು ಅವತ್ತಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ಹನ್ನೊಂದು ವರ್ಷ ಚಹಾದ ಲೆಕ್ಕ ಹಾಕಿದ್ದ. ಯಾರ ಮೇಲಾದರೂ ಹೊರಿಸದೆ ಆ ಊರುಗೋಲಿನ ಸದ್ದನ್ನು ಕೇಳಿಸಿಕೊಳ್ಳುವುದು ಅವನಿಂದ ಆಗುತ್ತಿರಲಿಲ್ಲ.

"ನಾನು ಸುಮ್ಮನೆ ಬ್ರೇಕು ಹಾಕಲಿಲ್ಲ ಕಣೇ," ಎಂದ.

"ಗೊತ್ತು. ನಾನೂ ಆ ಮುದುಕೀನ ನೋಡಿದೆ," ಎಂದಳು ಉಲ್ಮೆಕೆನ್. "ಅತ್ತೆ ನಿಂತ ಹಾಗೇ ಇತ್ತು. ನೀವು ಹೇಳ್ತೀರೇನೋ ಅಂತ ಹತ್ತು ದಿನದಿಂದ ಕಾಯ್ತಾ ಇದೀನಿ."

ಅವನು ಕಾರು ಹೊರಡಿಸಿದ. ಅಕ್ಕನ ಮನೆಗೆ ಎಡಕ್ಕೆ ತಿರುಗಬೇಕು, ಅವನು ಬಲಕ್ಕೆ ತಿರುಗಿದ. ಉಲ್ಮೆಕೆನ್ ಕನ್ನಡಿಯಲ್ಲಿ ಒಮ್ಮೆ ಹಿಂದಿನ ಚೀಲವನ್ನು ನೋಡಿದಳು, ಬೀಗರಿಗೆ ಇನ್ನೊಂದು ಹುಡುಕಬೇಕಾಯಿತು ಎಂದಳು, ಅಷ್ಟೆ. ಸಕ್ಕರೆ ಕಾರ್ಖಾನೆಯ ಹಿಂದಿನ ರಸ್ತೆ ಇನ್ನೂ ಮೊದಲಿನಷ್ಟೇ ಕೆಟ್ಟಿತ್ತು. ಪ್ರತಿ ಹಳ್ಳಕ್ಕೂ ಬಂಪರು ಕಟಕಟ ಎಂದಿತು. ತಮ್ಮ ಒಪ್ಪದಿದ್ದರೆ ಏನು ಮಾಡುವುದು ಎಂದು ಅವನು ಯೋಚಿಸಿದ. ತೊರೆಖಾನ್ ಗೇಟಿನ ಆಚೆಯಿಂದಲೇ ಅದೇ ಮಾತನ್ನು ತಿರುಗಿಸಿ ಹೇಳಿದರೆ? ಹೇಳುವ ಹಕ್ಕು ಅವನಿಗಿದೆ. ಇಂಥ ಕೆಲಸಕ್ಕೆ ಹಿರಿಯರೊಬ್ಬರನ್ನು ಕರೆದುಕೊಂಡು ಬರಬೇಕಿತ್ತು. ಸೋದರಮಾವ ಸತ್ತಿದ್ದಾನೆ, ಈಗ ಮನೆತನದಲ್ಲಿ ಹಿರಿಯ ಎಂದರೆ ತಾನೇ.

ಷೆಡ್ಡಿಗೆ ಗೇಟಿರಲಿಲ್ಲ. ತೊರೆಖಾನ್ ಒಂದು ಬಾಗಿಲನ್ನು ಮರದ ದಿಮ್ಮಿಯ ಮೇಲಿಟ್ಟು ಸುತ್ತಿಗೆಯಿಂದ ಸಣ್ಣಗೆ ಬಡಿಯುತ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಅದನ್ನು ಯಾರೂ ಒಮಿರ್ಜಾಕ್‌ಗೆ ಹೇಳಿರಲಿಲ್ಲ. ಕಾರು ನೋಡಿ ಬಡಿಯುವುದನ್ನು ನಿಲ್ಲಿಸಿದ. ಅಣ್ಣ ಇಳಿದದ್ದನ್ನು ನೋಡಿದ, ಕಾರಿನೊಳಗೆ ಅತ್ತಿಗೆ ಕೂತಿದ್ದನ್ನು ನೋಡಿದ. ಏನೂ ಹೇಳದೆ ಕಾರಿನ ಹಿಂದಕ್ಕೆ ಬಂದು, ಕುಕ್ಕರುಗಾಲಲ್ಲಿ ಕೂತು, ನೆಗ್ಗಿನೊಳಗೆ ಹೆಬ್ಬೆರಳಿಟ್ಟು ಈ ತುದಿಯಿಂದ ಆ ತುದಿಗೆ ಸವರಿದ. ಇಬ್ಬರ ಬೆರಳೂ ಅಪ್ಪನದೇ. ಒಮಿರ್ಜಾಕ್ ಕೈಯಲ್ಲಿದ್ದ ವರದಿಯನ್ನು, ಬೇರೇನು ಮಾಡಬೇಕೆಂದು ತಿಳಿಯದೆ, ಮುಂದೆ ಚಾಚಿದ. ತೊರೆಖಾನ್ ಅದನ್ನು ಮುಟ್ಟಲಿಲ್ಲ, ಬಗ್ಗಿ ಓದಿದ.

"ನಿಂದೇನೂ ತಪ್ಪಿಲ್ಲ ಅಂತ ಇದೆಯಲ್ಲ."

"ಹೌದು."

"ಮತ್ತೆ?"

ಒಮಿರ್ಜಾಕ್ ಹಿಂದಿನ ಬಾಗಿಲು ತೆರೆದು ಚೀಲ ತೆಗೆದ. ಗಂಟು ಬಿಚ್ಚಲು ಬೆರಳಿಗೆ ಆಗಲಿಲ್ಲ, ಮೂವತ್ತೈದು ವರ್ಷ ನಡುಗದ ಬೆರಳು. ಕಿಟಕಿಯಿಂದ ಉಲ್ಮೆಕೆನ್ ಕೈ ಚಾಚಿ ಗಂಟು ಬಿಚ್ಚಿಕೊಟ್ಟಳು. ನೀಲಿ ಮಖಮಲ್ಲು ಹೊರಬಿತ್ತು.

"ದಾರೀಲಿ ಅಮ್ಮ ನಿಂತ ಹಾಗಾಯ್ತು. ನಾನೇ ಬ್ರೇಕು ಹಾಕಿದೆ," ಎಂದ. "ಅವತ್ತು ಚಹಾ ಬೇಡ ಅಂದಿದ್ದು ಅವಳೇ ಕಣೋ. ನಂಗೆ ಅವತ್ತೇ ಗೊತ್ತಿತ್ತು."

ತೊರೆಖಾನ್ ಸುತ್ತಿಗೆಯನ್ನು ಬಾಗಿಲ ಮೇಲಿಟ್ಟು ಎರಡೂ ಅಂಗೈಯನ್ನು ಅಣ್ಣನಿಗೆ ತೋರಿಸಿದ, ಗ್ರೀಸು, ತುಕ್ಕು, ಪುಟ್ಟಿಯ ಬೂದಿ. ಕೈಯೆಲ್ಲ ಮಸಿ ಎಂದ. ಬೇಡ ಎನ್ನುವ ರೀತಿ ಇದೇ ಎಂದು ಒಮಿರ್ಜಾಕ್ ಅಂದುಕೊಂಡ. ಆದರೆ ತೊರೆಖಾನ್ ಕೈಗಳನ್ನು ಬಟ್ಟೆಗೆ ತಾಗದಂತೆ ಎರಡೂ ಕಡೆ ಚಾಚಿ, ಅಣ್ಣನಿಗೆ ಬೆನ್ನು ಮಾಡಿ ನಿಂತು, ಅವನಿಗೆ ಎಟುಕಲಿ ಎಂದು ಮಂಡಿ ಬಗ್ಗಿಸಿದ. ಚಿಕ್ಕಂದಿನಲ್ಲಿ ಸ್ನಾನ ಮಾಡಿಸಿ ಅಮ್ಮ ಅಂಗಿ ಹಾಕುವಾಗ ಹೀಗೆಯೇ ನಿಲ್ಲುತ್ತಿದ್ದ. ಒಮಿರ್ಜಾಕ್ ಚಪಾನನ್ನು ಅವನ ಹೆಗಲಿಗೆ ಹಾಕಿದ. ತೋಳು ಸರಿಯಾಗಿ ಮಣಿಕಟ್ಟಿಗೆ ನಿಂತಿತು. ಅವನ ಕೈ ತಮ್ಮನ ಹೆಗಲಿನ ಮೇಲೆ ಉಳಿಯಿತು, ತೆಗೆಯಬೇಕೆಂದು ತೋಚಲಿಲ್ಲ.

"ಅವತ್ತು ನಾನು ತಂದಿದ್ದು ಇನ್ನೂ ಮನೇಲಿದೆ ಅಣ್ಣ," ಎಂದ ತೊರೆಖಾನ್, ತಿರುಗದೆಯೇ. "ನಿನ್ನ ಅಳತೆಗೆ ಅಂತ ಹೊಲಿಸಿದ್ದು. ಬೇರೆ ಯಾರಿಗೂ ಆಗಲ್ಲ."

ಒಮಿರ್ಜಾಕ್ ಅವನ ಹೆಗಲಿನ ಕಸೂತಿಯನ್ನು ಹೆಬ್ಬೆರಳಿನಿಂದ ಸವರಿದ.

"ತರ್ಸು," ಎಂದ.